ಫೋಟೊದ ಹೆಸರನ್ನು ಜೆಪಿಜಿ ಎಂದು ಬದಲಾಯಿಸಿದರೂ ಅರ್ಜಿಯ ಜಾಲತಾಣ ಏಕೆ ಒಪ್ಪುತ್ತಿಲ್ಲ?

ಐಫೋನಿನಲ್ಲಿ ತೆಗೆದ ಫೋಟೊವನ್ನು ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿಕೊಂಡು ‘ಫೋಟೊ.ಜೆಪಿಜಿ’ ಎಂದು ಹೆಸರು ಬದಲಾಯಿಸಿದೆ, ಆದರೂ ಜೆಪಿಜಿಯೇ ಬೇಕೆಂದು ಜಾಲತಾಣ ಹಟ ಹಿಡಿದಿದೆ ಎಂದು ಬರೆದಿದ್ದೀರಿ. ಇಲ್ಲಿ ಎರಡು ತೊಡಕುಗಳು ಒಂದರ ಮೇಲೊಂದು ಕುಳಿತಿವೆ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಡಿಟಿಪಿ ಮಾಡುವ ನನಗೆ ಎರಡೂ ಹಳೆಯ ಪರಿಚಯ.

ಹೆಸರಿನ ಕೊನೆಯ ಚುಕ್ಕೆಯ ನಂತರ ಬರುವ ಅಕ್ಷರಗಳೇ ಎಕ್ಸ್‌ಟೆನ್ಶನ್. ನಮ್ಮ ಅಂಗಡಿಯಲ್ಲಿ ಅದನ್ನು ಬಾಲ ಎನ್ನುತ್ತೇವೆ. ವಿಂಡೋಸ್ ತನಗೆ ಗೊತ್ತಿರುವ ಬಗೆಯ ಫೈಲುಗಳ ಬಾಲವನ್ನು ನಾವಾಗಿ ಕೇಳುವವರೆಗೆ ತೋರಿಸುವುದಿಲ್ಲ. ಹಾಗಾಗಿ ನೀವು ಬರೆದ ‘.ಜೆಪಿಜಿ’ಯ ಹಿಂದೆ ಹಳೆಯ ಬಾಲ ಹಾಗೆಯೇ ಉಳಿದು, ಫೈಲಿನ ನಿಜವಾದ ಹೆಸರು ‘ಫೋಟೊ.ಜೆಪಿಜಿ.ಎಚ್‌ಇಐಸಿ’ ಆಗಿರುವ ಸಾಧ್ಯತೆಯೇ ಹೆಚ್ಚು. ವಿಂಡೋಸ್ 11 ಆದರೆ ಫೈಲ್ ಎಕ್ಸ್‌ಪ್ಲೋರರ್ ತೆರೆದು, ಮೇಲಿನ ‘ವ್ಯೂ’ ಒತ್ತಿ, ‘ಶೋ’ ಒಳಗೆ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಎಂಬುದಕ್ಕೆ ಗುರುತು ಹಾಕಿ. ವಿಂಡೋಸ್ 10ರಲ್ಲಿ ಅದು ‘ವ್ಯೂ’ ಪಟ್ಟಿಯಲ್ಲೇ ಸಿಗುತ್ತದೆ. ಹೊಸ ಕಂಪ್ಯೂಟರ್ ಮುಂದೆ ಕೂತಾಗಲೆಲ್ಲ ನಾನು ಮಾಡುವ ಮೊದಲ ಕೆಲಸ ಇದು.

ಈಗ ಬಾಲ ಕಾಣುತ್ತದೆ. ಅದನ್ನು ಅಳಿಸಿ ಬರಿಯ ‘.ಜೆಪಿಜಿ’ ಉಳಿಸಿದರೆ ಸಾಕೆ? ಸಾಲದು. ಮೆಜೆಸ್ಟಿಕ್‌ನಲ್ಲಿ ನಿಂತ ಬನಶಂಕರಿ ಬಸ್ಸಿಗೆ ನೀವೇ ಹೋಗಿ ಯಲಹಂಕದ ಬೋರ್ಡ್ ತಗುಲಿಸಿದರೆ ಯಲಹಂಕದವರು ಹತ್ತಿ ಕೂರುತ್ತಾರೆ, ಅಷ್ಟೇ. ಡ್ರೈವರ್ ಹೋಗುವುದು ಬನಶಂಕರಿಗೇ. ಯಾವ ಫೈಲನ್ನು ಯಾವ ಪ್ರೋಗ್ರಾಮಿಗೆ ಕೊಡಬೇಕು ಎಂದು ವಿಂಡೋಸ್ ಬಾಲ ನೋಡಿ ತೀರ್ಮಾನಿಸುತ್ತದೆ. ಒಳಗಿನ ಸರಕು ಮಾತ್ರ ಬಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಐಫೋನುಗಳು 2017ರ ಐಒಎಸ್ 11ರಿಂದ ಜಾಗ ಉಳಿಸಲು ಫೋಟೊಗಳನ್ನು ಎಚ್‌ಇಐಸಿ ರೂಪದಲ್ಲಿ ಇಡುತ್ತಿವೆ. ಅದನ್ನು ‘ಫೋಟೋಸ್’ ಆ್ಯಪ್‌ನಲ್ಲಿ ತೆರೆದು ‘ಸೇವ್ ಆ್ಯಸ್’ ಮೂಲಕ ಜೆಪಿಜಿಯಾಗಿ ಉಳಿಸಿ. ಅರ್ಜಿಯ ಫೋಟೊ ತಾನೇ, ಇನ್ನೊಮ್ಮೆ ತೆಗೆಯುವುದು ಇನ್ನೂ ಸುಲಭ: ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅಲ್ಲಿ ಫಾರ್ಮ್ಯಾಟ್ಸ್, ಅಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ ತೆಗೆದರೆ ನೇರವಾಗಿ ಜೆಪಿಜಿಯೇ ಬರುತ್ತದೆ.

‘ಜೆಪಿಜಿ’ ಮತ್ತು ‘ಜೆಪಿಇಜಿ’ ಮಾತ್ರ ಒಂದೇ ವಸ್ತುವಿನ ಎರಡು ಹೆಸರು, ಅವನ್ನು ಧೈರ್ಯವಾಗಿ ಅದಲುಬದಲು ಮಾಡಬಹುದು. ವಿಂಡೋಸಿಗೂ ಮುಂಚಿನ ಎಂಎಸ್-ಡಾಸ್ ಕಾಲದಲ್ಲಿ ಹೆಸರಿಗೆ ಎಂಟು, ಬಾಲಕ್ಕೆ ಮೂರು ಅಕ್ಷರಗಳಷ್ಟೇ ಹಿಡಿಸುತ್ತಿದ್ದವು. ವಿಂಡೋಸ್ 95 ಬಂದು ಆ ಕಟ್ಟು ಸಡಿಲವಾದರೂ ಮೂರಕ್ಷರದ ರೂಢಿ ಹೋಗಲಿಲ್ಲ.

ಬಾಲವೇ ಕಳೆದುಹೋದರೆ? ಕಳೆದ ವರ್ಷ ಗಿರಾಕಿಯೊಬ್ಬರು ಪೆನ್‌ಡ್ರೈವ್ ತಂದು, ಮಗಳ ಲಗ್ನಪತ್ರಿಕೆ ಹಾಳಾಗಿದೆ ಎಂದು ಮುಖ ಸಣ್ಣದು ಮಾಡಿಕೊಂಡು ನಿಂತರು. ಹೆಸರು ತಿದ್ದುವಾಗ ಬಾಲವನ್ನೂ ಅಳಿಸಿಬಿಟ್ಟಿದ್ದರು. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಕಸದಂತಹ ಅಕ್ಷರಗಳ ಮೊದಲ ಸಾಲಿನಲ್ಲೇ ಶೇಕಡಾ ಚಿಹ್ನೆ, ಅದರ ಪಕ್ಕದಲ್ಲಿ ಪಿಡಿಎಫ್ ಎಂದಿತ್ತು. ಏನನ್ನೂ ಉಳಿಸದೆ ಮುಚ್ಚಿ, ‘.ಪಿಡಿಎಫ್’ ಸೇರಿಸಿದೆ, ಗಣಪತಿಯ ಚಿತ್ರ ಸಮೇತ ಪತ್ರಿಕೆ ತೆರೆದುಕೊಂಡಿತು. ಮೊದಲ ಎರಡು ಅಕ್ಷರ ‘ಪಿಕೆ’ ಎಂದಿದ್ದರೆ ಅದು ಜಿಪ್, ಅಂದರೆ ಹಲವು ಫೈಲುಗಳನ್ನು ಒತ್ತಿ ಒಂದಾಗಿ ಕಟ್ಟಿದ ಬಗೆಯದು. ವರ್ಡ್‌ನ ಡಾಕ್ಸ್ ಫೈಲುಗಳೂ ಒಳಗೆ ಜಿಪ್ ಕಟ್ಟುಗಳೇ. ಪಿಕೆ ಎಂದರೆ ಆ ರೂಪವನ್ನು ರಚಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು.

ಬಾಲದ ತಪ್ಪಲ್ಲದ್ದನ್ನೂ ಬಾಲಕ್ಕೆ ಕಟ್ಟುವವರಿದ್ದಾರೆ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅಲ್ಲಿ ಎಕ್ಸ್‌ಟೆನ್ಶನ್ ಸರಿಯಾಗಿಯೇ ಇದೆ. ಬೇಕಾಗಿರುವುದು ಫಾಂಟ್, ಇಲ್ಲವೇ ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಯೂನಿಕೋಡ್‌ಗೆ ಪರಿವರ್ತನೆ.

ಬಾಲ ಕಾಣುವಂತೆ ಇಡಿ ಎಂದು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. 2000ದ ಮೇ ತಿಂಗಳಲ್ಲಿ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳನ್ನು ಹೊಕ್ಕ ‘ಐ ಲವ್ ಯೂ’ ವರ್ಮ್ (ತಾನಾಗಿ ಹರಡುವ ಹಾನಿಕರ ಪ್ರೋಗ್ರಾಮು), ‘.ಟಿಎಕ್ಸ್‌ಟಿ.ವಿಬಿಎಸ್’ ಎಂಬ ಜೋಡಿ ಬಾಲದ ಪ್ರೇಮಪತ್ರವಾಗಿ ಬಂದಿತ್ತು. ಟಿಎಕ್ಸ್‌ಟಿ ಎಂದರೆ ಬರಿಯ ಬರಹ, ವಿಬಿಎಸ್ ಎಂದರೆ ತೆರೆದೊಡನೆ ಓಡುವ ಪ್ರೋಗ್ರಾಮು. ಕೊನೆಯ ಬಾಲ ಅಡಗಿದ್ದ ಕಡೆ ಜನ ಅದನ್ನು ಸಾದಾ ಪತ್ರವೆಂದು ತೆರೆದರು. ಈಗ ಅದೇ ಆಟ ವಾಟ್ಸ್‌ಆ್ಯಪ್‌ನಲ್ಲಿ ಲಗ್ನಪತ್ರಿಕೆಯ ಹೆಸರು ಹೊತ್ತ ‘.ಎಪಿಕೆ’ ಫೈಲಾಗಿ ಬರುತ್ತಿದೆ. ಅದು ಪತ್ರಿಕೆಯಲ್ಲ, ಮೊಬೈಲಿನಲ್ಲಿ ಕೂರಲು ಹೊರಟಿರುವ ಆ್ಯಪ್. ನಾವು ಗಿರಾಕಿಗಳಿಗೆ ಪಿಡಿಎಫ್ ಕೊಡುತ್ತೇವೆ, ಜೆಪಿಜಿ ಕೊಡುತ್ತೇವೆ, ಕೇಳಿದರೆ ವಿಡಿಯೊ ಮಾಡಿ ಎಂಪಿ4 ಕೊಡುತ್ತೇವೆ. ಎಪಿಕೆ ಲಗ್ನಪತ್ರಿಕೆಗೆ ಇವತ್ತಿನವರೆಗೆ ಒಬ್ಬರೂ ಮುಂಗಡ ಕೊಟ್ಟಿಲ್ಲ.