ಮಾತಾಡಿದ್ದಕ್ಕೆ ಕೆಲಸ ಹೋಯಿತು, ಸರಿಯಾ?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಅಮೆರಿಕದಲ್ಲಿ ಯಾರು ಏನು ಬೇಕಾದರೂ ಮಾತಾಡಬಹುದು ಅಂತ ನಿಮ್ಮಲ್ಲೇ ಓದಿದ್ದೆ. ನ್ಯೂಜೆರ್ಸಿಯಲ್ಲಿರುವ ನನ್ನ ಮಗನ ಗೆಳೆಯ ಫೇಸ್‌ಬುಕ್‌ನಲ್ಲಿ ಏನೋ ಬರೆದ ಅಂತ ಕಂಪನಿಯವರು ಕೆಲಸದಿಂದ ತೆಗೆದರು. ಎಲ್ಲಿ ಹೋಯಿತು ಸ್ವಾತಂತ್ರ್ಯ? ಸುಪ್ರೀಂ ಕೋರ್ಟ್ ಜಡ್ಜ್‌ಗಳನ್ನೂ ಪಾರ್ಟಿ ನೋಡಿಯೇ ಆರಿಸುತ್ತಾರಂತೆ. ಮತ್ತೆ ನ್ಯಾಯ ಹೇಗೆ ಸಿಗುತ್ತದೆ?"

ನಮಸ್ಕಾರ. "ಏನು ಬೇಕಾದರೂ" ಅಂತ ಬರೆದದ್ದು ಜಾಸ್ತಿಯಾಯಿತು, ತಪ್ಪು ನಮ್ಮದೇ. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರದ ಕೈಯನ್ನು. ಮಾತಿನ ಸ್ವಾತಂತ್ರ್ಯ ಮೊಟಕು ಮಾಡುವ ಕಾನೂನನ್ನು ಕಾಂಗ್ರೆಸ್ ಮಾಡಕೂಡದು ಅನ್ನುತ್ತದೆ ಅದು. (ಅಲ್ಲಿ ಕಾಂಗ್ರೆಸ್ ಅಂದರೆ ಪಕ್ಷವಲ್ಲ, ಸಂಸತ್ತು.) ರಾಜ್ಯ ಸರ್ಕಾರ, ಸರ್ಕಾರಿ ಶಾಲೆಗಳೂ ಆಮೇಲೆ ಇದರೊಳಗೆ ಬಂದವು. ವಿಯೆಟ್ನಾಂ ಯುದ್ಧ ಬೇಡವೆಂದು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದ ಮಕ್ಕಳನ್ನು ಐಯೊವಾದಲ್ಲಿ ಶಾಲೆಯಿಂದ ಸಸ್ಪೆಂಡ್ ಮಾಡಿದ್ದರು. ಅವರಲ್ಲಿ ಮೇರಿ ಬೆತ್ ಟಿಂಕರ್‌ಗೆ 13 ವರ್ಷ. 1969ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮಕ್ಕಳೇ ಗೆದ್ದರು. ಅದೇ ಖಾಸಗಿ ಶಾಲೆಯಾಗಿದ್ದರೆ ಈ ವಾದ ನಿಲ್ಲುತ್ತಿರಲಿಲ್ಲ. ಖಾಸಗಿ ಕಂಪನಿಯ ಕಥೆಯೂ ಅಷ್ಟೇ.

ಇನ್ನು ಜಡ್ಜ್‌ಗಳ ವಿಷಯ. ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸೆನೆಟ್ ಅಂದರೆ ಸಂಸತ್ತಿನ ಮೇಲ್ಮನೆ ಒಪ್ಪಬೇಕು. ಪಾರ್ಟಿ ಲೆಕ್ಕಾಚಾರ ಇದ್ದೇ ಇರುತ್ತದೆ, ನಿಮ್ಮ ಅನುಮಾನ ಸುಮ್ನೆ ಅಲ್ಲ. ಆದರೆ ಒಮ್ಮೆ ಕೂತರೆ ಜೀವನಪೂರ್ತಿ ಆ ಕುರ್ಚಿ. ನಮ್ಮ ಹಾಗೆ 65ಕ್ಕೆ ನಿವೃತ್ತಿ ಇಲ್ಲ. ನೇಮಿಸಿದವರ ಮುಖ ನೋಡುವ ಹಂಗೂ ಇಲ್ಲ.

ಇದಕ್ಕೊಂದು ಉದಾಹರಣೆ ಕೇಳಿ. 1984ರಲ್ಲಿ ಟೆಕ್ಸಸ್ ರಾಜ್ಯದ ಡಲ್ಲಾಸ್‌ನಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶ. ಆಗಿನ ಅಧ್ಯಕ್ಷ ರೇಗನ್ ಮತ್ತೆ ಅಭ್ಯರ್ಥಿ. ಹೊರಗೆ ಸಿಟಿ ಹಾಲ್ ಮುಂದೆ ಗ್ರೆಗರಿ ಲೀ ಜಾನ್ಸನ್ ಎಂಬಾತ ರಾಷ್ಟ್ರಧ್ವಜಕ್ಕೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದ. ಟೆಕ್ಸಸ್‌ನಲ್ಲಿ ಒಂದು ವರ್ಷ ಜೈಲು, 2,000 ಡಾಲರ್ ದಂಡ ಬಿತ್ತು. ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬಾವುಟ ಸುಟ್ಟದ್ದೂ ಒಂದು ರೀತಿ ಮಾತೇ, ಅದಕ್ಕೆ ಶಿಕ್ಷೆ ಕೊಡುವಂತಿಲ್ಲ ಅಂತ 1989ರಲ್ಲಿ ತೀರ್ಪು ಬಂತು. ಜಡ್ಜ್‌ಗಳಲ್ಲಿ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಜಾನ್ಸನ್‌ನ ಕಡೆ ನಿಂತ ಐವರಲ್ಲಿ ಸ್ಕಲಿಯಾ, ಆಂಥನಿ ಕೆನಡಿ ಇಬ್ಬರೂ ರೇಗನ್ನರೇ ನೇಮಿಸಿದವರು! ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಜಾನ್ ಕೆನಡಿ ನೇಮಿಸಿದ್ದ ಜಡ್ಜ್ ವೈಟ್ ಎದುರು ಗುಂಪಿನಲ್ಲಿದ್ದರು. ತಾನು ರಾಜನಾಗಿದ್ದರೆ ಬಾವುಟ ಸುಡುವವರನ್ನು ಜೈಲಿಗೆ ಹಾಕುತ್ತಿದ್ದೆ ಅಂತ ಸ್ಕಲಿಯಾ ಆಮೇಲೆ ಹೇಳಿದ್ದೂ ಉಂಟು. ಇಷ್ಟವಿಲ್ಲದಿದ್ದರೂ ಬಿಟ್ಟರು. ನನಗೆ ಈ ಕೇಸು ಹಿಡಿಸುವುದೇ ಅದಕ್ಕೆ.

ನಮ್ಮಲ್ಲಾದರೆ ಬೇರೆ. ಸಂವಿಧಾನದ 19ನೇ ವಿಧಿ ಮಾತಿನ ಹಕ್ಕು ಕೊಟ್ಟು, ಮಿತಿಗಳನ್ನೂ ಅಲ್ಲೇ ಬರೆದಿಟ್ಟಿದೆ. ಬಾವುಟ ಸುಟ್ಟರೆ 1971ರ ಕಾಯ್ದೆಯಡಿ ಮೂರು ವರ್ಷದವರೆಗೂ ಜೈಲು.

ಮಗನ ಗೆಳೆಯ ಬರೆದದ್ದೇನು ಅಂತ ನೀವು ತಿಳಿಸಿಲ್ಲ. ಸಂವಿಧಾನ ಕೈಹಿಡಿಯದಿದ್ದರೂ ಬೇರೆ ಕಾನೂನು ಇರಬಹುದು. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದ ಹುಡುಕಿಕೊಂಡು, ಅಲ್ಲೇ ನೌಕರರ ಕೇಸು ನಡೆಸುವ ಒಬ್ಬ ವಕೀಲರನ್ನು ಕಾಣಲು ಹೇಳಿ.

— ಸಂಪಾದಕ