ಬೆಳಗಾವಿಯಲ್ಲಿ ಭಾಷೆಯ ಪೈಪೋಟಿ ಪಕ್ಷಗಳ ಪೈಪೋಟಿಯಾದ ಬಗೆ

ಬೆಳಗಾವಿಯ ಚುನಾವಣೆಗಳಲ್ಲಿ ಕನ್ನಡ–ಮರಾಠಿ ಪೈಪೋಟಿಯ ಜಾಗಕ್ಕೆ ಪಕ್ಷಗಳ ಪೈಪೋಟಿ ಬರಲು ಮಧ್ಯಮ ವರ್ಗದ ಬೆಳವಣಿಗೆ ಕಾರಣವೇ ಎಂದು ಕೇಳಿದ್ದೀರಿ. ಮೂವತ್ತು ವರ್ಷಗಳಿಂದ ಇಲ್ಲಿ ವಾಸಿಸುತ್ತಿರುವ ನನಗೆ ಅದೇ ಮುಖ್ಯ ಕಾರಣವೆನಿಸುತ್ತದೆ.

1956ರಲ್ಲಿ ಬೆಳಗಾವಿ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ದಶಕಗಳ ಕಾಲ ಇಲ್ಲಿನ ಪ್ರತಿಯೊಂದು ಚುನಾವಣೆಯೂ ಊರು ಕರ್ನಾಟಕದ್ದೋ ಮಹಾರಾಷ್ಟ್ರದ್ದೋ ಎಂಬ ಗಡಿ ಪ್ರಶ್ನೆಯ ಸುತ್ತಲೇ ತಿರುಗಿತು. ಪಾಲಿಕೆಗೆ ಯಾರು ನಿಲ್ಲಬೇಕೆಂಬುದನ್ನು ಹಳೆಯ ಭಾಗದಲ್ಲಿ ಗಲ್ಲಿಯ ಹಿರಿಯರಾದ ಪಂಚರೇ ಬಹುಪಾಲು ನಿರ್ಧರಿಸುತ್ತಿದ್ದರು. 2005ರಲ್ಲಿ ಪಾಲಿಕೆಯು ಮಹಾರಾಷ್ಟ್ರಕ್ಕೆ ಸೇರುವ ಠರಾವು ಮಾಡಿ, ರಾಜ್ಯ ಸರ್ಕಾರ ಪಾಲಿಕೆಯನ್ನೇ ವಿಸರ್ಜಿಸಿದಾಗ ಊರು ಎಷ್ಟು ಬಿಗುವಿನಲ್ಲಿತ್ತೆಂದರೆ, ನಲ್ಲಿಯ ನೀರಿನ ಬಗ್ಗೆ ಮಾತನಾಡುವುದೂ ಅಪ್ರಸ್ತುತವೆನಿಸುತ್ತಿತ್ತು.

ಆದರೆ ಅಷ್ಟರಲ್ಲೇ ಊರಿನ ಒಳರಚನೆ ಬದಲಾಗಿತ್ತು. 1916ರಲ್ಲಿ ಹುಟ್ಟಿದ ಕೆಎಲ್‌ಇ ಸಂಸ್ಥೆಯ ಕಾಲೇಜುಗಳು, 1998ರಲ್ಲಿ ಬಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಫೌಂಡ್ರಿಗಳು ಇವೆಲ್ಲ ಸಂಬಳದ ಮತ್ತು ಸಣ್ಣ ಉದ್ಯಮದ ಒಂದು ದೊಡ್ಡ ವರ್ಗವನ್ನು ಬೆಳೆಸಿದವು. ಮಕ್ಕಳ ಓದಿಗಾಗಿ ಬೈಲಹೊಂಗಲ, ಗೋಕಾಕ, ಸವದತ್ತಿಯ ಕಡೆಯಿಂದ ಬಂದ ಕನ್ನಡ ಕುಟುಂಬಗಳೂ, ಊರಿನ ಹಳೆಯ ಭಾಗವಾದ ಶಹಾಪುರದ ಗಲ್ಲಿಗಳಲ್ಲಿ ಬೆಳೆದು ಡಿಪ್ಲೊಮಾ ಮುಗಿಸಿ ಸ್ವಂತ ವರ್ಕ್‌ಶಾಪ್ ಹಾಕಿದ ಮರಾಠಿ ಯುವಕರೂ ಒಂದೇ ಬಡಾವಣೆಯಲ್ಲಿ ಪ್ಲಾಟ್ ಕೊಂಡರು. ನಮ್ಮ ಬೀದಿಯಲ್ಲಿ ಗಟಾರ ತುಂಬಿ ಹರಿದಾಗ ಪಾಲಿಕೆಗೆ ಕೊಟ್ಟ ಅರ್ಜಿಗೆ ಎರಡೂ ಭಾಷೆಯವರು ಸಹಿ ಹಾಕಿದ್ದರು. ನನ್ನ ಮಟ್ಟಿಗೆ ರಾಜಕೀಯದ ಬದಲಾವಣೆ ಆ ಕಾಗದದಲ್ಲೇ ಮೊದಲು ಕಂಡಿತು.

ಈ ಬದಲಾವಣೆ ನೇರವಾದ ದಾರಿಯಲ್ಲಿ ಸಾಗಲಿಲ್ಲ. 2008ರ ವಿಧಾನಸಭಾ ಚುನಾವಣೆಯಲ್ಲಿ ಬೆಳಗಾವಿ ಉತ್ತರ ಕ್ಷೇತ್ರ ಕಾಂಗ್ರೆಸ್ಸಿಗೂ ಬೆಳಗಾವಿ ದಕ್ಷಿಣ ಬಿಜೆಪಿಗೂ ಒಲಿದವು. 2013ರಲ್ಲಿ ದಕ್ಷಿಣ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯ ಕೈಸೇರಿತು. 2018ರಲ್ಲಿ ಎರಡನ್ನೂ ಬಿಜೆಪಿ ಗೆದ್ದಿತು, 2023ರಲ್ಲಿ ಉತ್ತರ ಕಾಂಗ್ರೆಸ್ಸಿಗೆ ಹೋಯಿತು. ಪಾಲಿಕೆಯಲ್ಲಿ ಪಕ್ಷದ ಚಿಹ್ನೆಗಳು ಮೊದಲು ಕಾಣಿಸಿದ್ದು 2021ರಲ್ಲಿ. 58 ವಾರ್ಡುಗಳಲ್ಲಿ ಬಿಜೆಪಿ 35 ಗಳಿಸಿತು. ಇದರಿಂದ ಮರಾಠಿಗರು ಭಾಷಾಭಿಮಾನ ಬಿಟ್ಟರೆಂದು ತಿಳಿಯುವುದು ತಪ್ಪು. ಪಕ್ಷಗಳು ಮರಾಠಿ ಭಾಷಿಕರಿಗೂ ಟಿಕೆಟ್ ನೀಡಿದವು. ಹೀಗಾಗಿ ಭಾಷೆ ಪಕ್ಷದ ಹೊರಗಿನ ಹೋರಾಟವಾಗಿ ಉಳಿಯದೆ, ಒಳಗಿನ ಲೆಕ್ಕಾಚಾರವಾಯಿತು.

ನನಗೆ ನೋವಾಗುವ ಸಂಗತಿ ಬೇರೆಯಿದೆ. ಪಂಚರ ಕೈಯಲ್ಲಿದ್ದ ಆಯ್ಕೆ ಈಗ ಪಕ್ಷದ ಕಚೇರಿಗೆ ಹೋಗಿದೆ, ಆ ಕಚೇರಿಗೆ ದನಿ ಮುಟ್ಟಿಸಲು ಬಲ್ಲವರು ಸ್ವಂತ ಮನೆಯುಳ್ಳ ನಮ್ಮಂಥವರು. ಅದೇ ಉದ್ಯಮಬಾಗದಲ್ಲಿ ದುಡಿದು ಬಾಡಿಗೆ ಖೋಲಿಗಳಲ್ಲಿರುವವರ ಹೆಸರು ಎಷ್ಟೋ ಸಲ ಊರಿನ ಮತದಾರರ ಪಟ್ಟಿಯಲ್ಲೇ ಇರುವುದಿಲ್ಲ.