ಜೋಗಿಮಟ್ಟಿ ಹತ್ತಿದವರಿಗೆ ನುನ್ ಶಿಖರ ಆಗುತ್ತಾ?

ಪ್ರಶ್ನೆ: ನನಗೆ 34 ವರ್ಷ. ಪ್ರತಿ ಭಾನುವಾರ ಜೋಗಿಮಟ್ಟಿ ಹತ್ತುತ್ತೇನೆ. ಮುಂದಿನ ಆಗಸ್ಟ್‌ನಲ್ಲಿ ಗೈಡ್ ಇರುವ ತಂಡದ ಜೊತೆ ಲಡಾಖ್‌ನ ನುನ್ ಶಿಖರಕ್ಕೆ ಹೋಗುವ ಆಸೆ. ಈ ಅಭ್ಯಾಸ ಸಾಕಾ?
– ಓದುಗ, ಚಿತ್ರದುರ್ಗ

ಉತ್ತರ: ಕಾಲಿಗೆ ಒಳ್ಳೆಯದು. ಉಸಿರಿಗೆ ಸಾಲದು. ನುನ್ 7,135 ಮೀಟರ್. 5,500 ಮೀಟರ್ ಹತ್ತಿರವೇ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ದೇಹ ಇದಕ್ಕೆ ಒಗ್ಗಬೇಕಾದರೆ, 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಇನ್ನೊಂದು ರಾತ್ರಿ ಉಳಿಯಬೇಕು. ತಂಡದವರ ವೇಳಾಪಟ್ಟಿ ತರಿಸಿ, ಮೊದಲು ಇದನ್ನೇ ನೋಡಿ.

ನಾನು ದಾವಣಗೆರೆಯವನು. ಮೊದಲ ಸಲ 6,000 ಮೀಟರ್ ಶಿಖರಕ್ಕೆ ಹೋದಾಗ ನನಗೂ ದುರ್ಗದ ಕೋಟೆ ಹತ್ತಿದ ಧೈರ್ಯವೊಂದೇ ಇತ್ತು. ರಾತ್ರಿ ಎರಡು ಗಂಟೆ. ಕ್ರ್ಯಾಂಪಾನ್ (ಹಿಮದಲ್ಲಿ ಜಾರದಂತೆ ಬೂಟಿಗೆ ಕಟ್ಟುವ ಮುಳ್ಳಿನ ಚೌಕಟ್ಟು) ಪಟ್ಟಿ ಬಿಗಿಯಲು ಕೈಗವಸು ತೆಗೆದೆ. ಸ್ವಲ್ಪ ಹೊತ್ತಿಗೆ ಬಕಲ್ ಮುಟ್ಟಿದ್ದೇ ಗೊತ್ತಾಗಲಿಲ್ಲ. ಬೆರಳ ತುದಿ ಮೇಣದ ಹಾಗೆ ಬೆಳ್ಳಗಾಗಿತ್ತು. ಗೈಡ್ ನನ್ನ ಕೈಯನ್ನು ತಮ್ಮ ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿದರು. 'ಇಳಿಯೋಣ' ಅಂದರು. ಇಳಿದೆವು. ತುಂಬಾ ಅತ್ತೆ. ಕೈಗವಸು ಹಾಕಿಕೊಂಡೇ ಆ ಪಟ್ಟಿ ಕಟ್ಟೋದನ್ನು ಮನೆಯಲ್ಲೇ ಕಲಿತಿರಬೇಕಿತ್ತು, ಅಲ್ವಾ?

ಅದಕ್ಕೇ ಹೇಳುತ್ತೇನೆ, ಮುಂದಿನ ಆಗಸ್ಟ್‌ಗೆ ನುನ್ ಬೇಡ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ 28 ದಿನದ ಬೇಸಿಕ್ ಕೋರ್ಸ್ ಇದೆ, ಅದನ್ನು ಮಾಡಿ. ಆಮೇಲೆ ಒಂದು 6,000 ಮೀಟರ್ ಶಿಖರ ಹತ್ತಿ. ಅಲ್ಲಿ ಎತ್ತರ ಒಗ್ಗದೆ ತಲೆನೋವು ಬಂದರೆ ಮುಚ್ಚಿಡಬೇಡಿ, ಗೈಡ್‌ಗೆ ಆಗಲೇ ಹೇಳಿಬಿಡಿ.